ಭಾವಚಿತ್ರ: ಹೋಲಿಕೆ ಎಲ್ಲಿಯವರೆಗೆ, ಬಣ್ಣ ಎಲ್ಲಿಂದ?

ಪ್ರಶ್ನೆ: ಇದ್ದಿಲುಗೆರೆ, ಬಸವನಗುಡಿ

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಕಲಾವಿದೆಯಲ್ಲ. ಬ್ಯಾಂಕಿನ ಕೆಲಸ ಮುಗಿಸಿ ಬಂದು, ಸಂಜೆಯ ಹೊತ್ತು ಮತ್ತು ರಜೆಯ ದಿನಗಳಲ್ಲಿ, ಆರು ವರ್ಷಗಳಿಂದ ಎಣ್ಣೆಬಣ್ಣದಲ್ಲಿ ಭಾವಚಿತ್ರಗಳನ್ನು ಬರೆಯುತ್ತಿದ್ದೇನೆ. ಈಗ ಒಂದೇ ಮುಖವನ್ನು ಮೂರು ಸಲ ಬರೆದು ದಾರಿ ಕಾಣದೆ ಕುಳಿತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಮುಖ ನನ್ನ ಅಜ್ಜಿಯದು, ತಂದೆಯ ತಾಯಿ. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿರುವುದು ಎರಡೇ ಫೋಟೋ. ಒಂದು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಕಪ್ಪುಬಿಳುಪಿನ ಸ್ಟುಡಿಯೊ ಫೋಟೋ. ಇನ್ನೊಂದು ಯಾರದೋ ಮದುವೆಯಲ್ಲಿ ಫ್ಲಾಷ್ ಹಾಕಿ ತೆಗೆದದ್ದು. ಮೊದಲ ಕ್ಯಾನ್ವಾಸಿಗೆ ಮೂರು ತಿಂಗಳು ಹಿಡಿಯಿತು. ಸಣ್ಣ ಬ್ರಷ್ಷಿನಲ್ಲಿ ಒಂದೊಂದು ಸುಕ್ಕನ್ನೂ, ಸೀರೆಯ ಅಂಚಿನ ಜರಿಯನ್ನೂ, ಮೂಗುತಿಯ ಹೊಳಪನ್ನೂ ಬರೆದು, ಚರ್ಮದ ಮೇಲೆ ಬ್ರಷ್ಷಿನ ಗುರುತೇ ಕಾಣದಂತೆ ಬಣ್ಣವನ್ನು ತೀಡಿ ತೀಡಿ ನುಣುಪು ಮಾಡಿದೆ. ನೋಡಿದವರೆಲ್ಲ "ಥೇಟ್ ಫೋಟೋ ಇದ್ದ ಹಾಗಿದೆ" ಎಂದು ಮೆಚ್ಚಿದರು. ನಮ್ಮ ತಂದೆ ಮಾತ್ರ "ಚೆನ್ನಾಗಿದೆಯಮ್ಮ" ಎಂದು ಹೇಳಿ ಮತ್ತೆ ಪೇಪರ್ ಓದಲು ಕುಳಿತರು.

ಎರಡನೆಯದನ್ನು ಸಿಟ್ಟಿನಲ್ಲಿ ಐದು ಸಂಜೆಗಳಲ್ಲಿ ಬರೆದೆ. ಅಗಲವಾದ ಚಪ್ಪಟೆ ಬ್ರಷ್ ಹಿಡಿದು ಹಣೆಗೆ ಯೆಲ್ಲೊ ಓಕರ್ ಎಂಬ ಮಣ್ಣುಹಳದಿಯ, ಹಲಗೆಯಂಥ ಒಂದು ಅಗಲ ಏಟು, ಬಲಗಣ್ಣಿನ ಕೆಳಗೆ ಹಸಿರು ಮಿಶ್ರಿತ ಬೂದಿಯ ಒಂದು ಪಟ್ಟೆ, ಗದ್ದದ ನೆರಳಿಗೆ ಬರ್ನ್ಟ್ ಅಂಬರ್ ಎಂಬ ಕಡುಗಂದಿನ ಒಂದೇ ಎಳೆತ ಹಾಕಿದೆ. ಎಡಗಿವಿಯನ್ನು ಬರೆಯಲೇ ಇಲ್ಲ. ತಂದೆ ಅದರ ಎದುರು ಬಹಳ ಹೊತ್ತು ನಿಂತು, "ಅಮ್ಮ ಬಯ್ಯೋದಕ್ಕೆ ಮುಂಚೆ ಹೀಗೇ ಕೂತಿರ್ತಿದ್ದಳು" ಎಂದರು. ಆದರೆ ಸೋದರತ್ತೆಗೆ ಅದು ಹಿಡಿಸಲಿಲ್ಲ. "ಮುಖಕ್ಕೆ ಗಾರೆ ಮೆತ್ತಿದ ಹಾಗಿದೆ, ತಿಥಿಯ ದಿನ ಇದನ್ನ ಇಡೋಕಾಗಲ್ಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು.

ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗೋಣವೆಂದು ಮೂರನೆಯ ಕ್ಯಾನ್ವಾಸಿನಲ್ಲಿ ಪಟ್ಟೆಗಳನ್ನು ಮತ್ತಷ್ಟು ಕಡಿಮೆ ಮಾಡಿ, ಅಂಚುಗಳನ್ನು ಸರಳಗೊಳಿಸಿದೆ. ಯಾವುದೋ ಒಂದು ಗಳಿಗೆಯಲ್ಲಿ ಅಜ್ಜಿ ಕಾಣೆಯಾಗಿ ಯಾರೋ ಒಬ್ಬ ಮುದುಕಿ ಉಳಿದರು. ಏನು ಮಾಡಿದಾಗ ಹಾಗಾಯಿತೆಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ವಿವರಗಳನ್ನು ಬಿಡುತ್ತ ಹೋದರೆ ಹೋಲಿಕೆ ಯಾವ ಹಂತದಲ್ಲಿ ಕೈತಪ್ಪುತ್ತದೆ? ಕಣ್ಣನ್ನು ನಂಬಿಸುವ ಚಿತ್ರ, ತಾನು ಬಣ್ಣವೆಂದು ಒಪ್ಪಿಕೊಳ್ಳುವ ಚಿತ್ರ, ಇವೆರಡರ ನಡುವೆ ನೀವೆಲ್ಲ ಎಲ್ಲಿ ನಿಲ್ಲುತ್ತೀರಿ, ಹೇಗೆ ತೀರ್ಮಾನಿಸುತ್ತೀರಿ?

ಉತ್ತರ: ಡ್ರಾಯಿಂಗ್ ಮೇಷ್ಟ್ರು, ಮಲ್ಲೇಶ್ವರ

ನಿಮ್ಮ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ. ಮೊದಲು ಅದನ್ನು ಬಿಡಿಸೋಣ. ಮೊದಲನೆಯ ಚಿತ್ರ ನಿಜಕ್ಕೆ ಹತ್ತಿರ, ಎರಡನೆಯದು ನಿಜದಿಂದ ದೂರ ಸರಿದದ್ದು ಎಂದು ನೀವು ತಿಳಿದಿದ್ದೀರಿ. ಅಂಚೆಚೀಟಿಯಷ್ಟು ದೊಡ್ಡ ಫೋಟೋದಲ್ಲಿ ಒಂದೊಂದು ಸುಕ್ಕು ಎಲ್ಲಿಂದ ಬಂತು, ಹೇಳಿ. ಅಷ್ಟು ಚಿಕ್ಕ ಪ್ರತಿಯಲ್ಲಿ ಇರುವುದು ಕಣ್ಣಿನ ಗುಳಿಯ ಕಪ್ಪು, ಮೂಗಿನ ಪಕ್ಕದ ನೆರಳು, ತುಟಿಯ ಗೆರೆ, ಮತ್ತೆ ಒಂದಿಷ್ಟು ಬೂದು ಕಾಳು, ಅಷ್ಟೆ. ಮದುವೆಯ ಫೋಟೋದಲ್ಲಿ ಫ್ಲಾಷಿನ ಬೆಳಕು ಎದುರಿನಿಂದ ನೇರವಾಗಿ ಬಡಿದು ಇದ್ದಬದ್ದ ನೆರಳನ್ನೂ ಅಳಿಸಿಹಾಕಿರುತ್ತದೆ. ಹಾಗಾಗಿ ನೀವು ಮೂರು ತಿಂಗಳು ಕುಳಿತು ಬರೆದ ಸುಕ್ಕುಗಳಲ್ಲಿ ಬಹುಪಾಲು ನಿಮ್ಮ ಅಜ್ಜಿಯವಲ್ಲ, "ಮುದುಕಿ" ಎಂಬ ಪದಕ್ಕೆ ಸೇರಿದವು. ನುಣುಪಾಗಿ ಬರೆದಿದ್ದರಿಂದ ಆ ಊಹೆ ಯಾರ ಕಣ್ಣಿಗೂ ಬೀಳಲಿಲ್ಲ. ನಿಮ್ಮ ತಂದೆಯವರಿಗೆ ಬಿದ್ದಿತು.

ಭ್ರಮೆ ಹುಟ್ಟುವುದು ವಿವರದಿಂದಲೇ ಎಂಬುದೂ ಸರಿಯಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನಮ್ಮಲ್ಲಿ ನೋಡದವರು ಕಡಿಮೆ. ಬಹಳ ಜನ ಅದನ್ನು ರವಿವರ್ಮನದೆಂದೇ ಹೇಳುತ್ತಾರೆ, ಬರೆದವರು ಎಸ್. ಎಲ್. ಹಲ್ದಣಕರ್, ಎದುರು ನಿಂತಿದ್ದವರು ಅವರ ಮಗಳು, ಮಾಧ್ಯಮ ಜಲವರ್ಣ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಯಾರಾದರೊಬ್ಬರು ದೀಪದ ಹಿಂದೆ ಬಲ್ಬ್ ಇದೆಯೇ ಎಂದು ಕೇಳಿಯೇ ಕೇಳುತ್ತಿದ್ದರು. ಎಣ್ಣೆಬಣ್ಣದವರು ಬೆಳಕಿನ ಮೇಲೆ ಬಿಳಿಯನ್ನು ದಪ್ಪಗೆ ಹಚ್ಚಬಹುದು. ಜಲವರ್ಣದವರು ಕಾಗದದ ಬಿಳುಪನ್ನು ಉಳಿಸಿಕೊಳ್ಳಬೇಕು. ಬೆರಳುಗಳ ನಡುವಿನ ಆ ಕೆಂಪನ್ನು ಉರಿಸುತ್ತಿರುವುದು ಸುತ್ತಲಿನ ಕತ್ತಲೆ. ಆ ಕತ್ತಲೆಯನ್ನು ಬೆರಳಿನಿಂದ ಮರೆಮಾಡಿ ನೋಡಿದರೆ ಉಳಿಯುವುದು ಕಾಗದದ ಮೇಲಿನ ತಿಳಿ ಬಣ್ಣ. ಕಣ್ಕಟ್ಟು ಎಂದು ನಾವು ಕರೆಯುವುದು ಮೂಲದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು, ಯಾವುದರ ಪಕ್ಕದಲ್ಲಿ ಯಾವುದು ಎಂಬ ಲೆಕ್ಕ. ಆ ಲೆಕ್ಕಕ್ಕೆ ದೀಪವೂ ಇಲ್ಲ, ಹೆಂಗಸೂ ಇಲ್ಲ, ಅದು ಅಮೂರ್ತವೇ.

ನಮ್ಮ ನೆಲದವರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧ ಚಿತ್ರ, ಆಕಾರ ಮಾತ್ರ ಸಿದ್ಧಿಸಿದರೆ ಸಾಕೆಂದು ಬರೆದದ್ದು ಅವಿದ್ಧ ಚಿತ್ರ ಎಂದು ಹೇಳಲಾಗಿದೆ. ಅದಕ್ಕಿಂತ ಹಳೆಯದಾದ ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂದು ಶ್ಲೋಕವಿದೆ: ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ವಿಚಕ್ಷಣರು ವರ್ತನೆಯನ್ನು, ಅಂದರೆ ನೆರಳುಬೆಳಕಿನ ಏರಿಳಿತವನ್ನು, ಸ್ತ್ರೀಯರು ಭೂಷಣವನ್ನು ಬಯಸುತ್ತಾರೆ, ಉಳಿದ ಜನ ಬಣ್ಣದ ಸಮೃದ್ಧಿಯನ್ನು. ನಿಮ್ಮ ಮನೆಯ ಜಗಳ ಪೂರ್ತಿಯಾಗಿ ಈ ಒಂದು ಶ್ಲೋಕದಲ್ಲಿದೆ.

ಕೆಲಸದ ಮಾತಿಗೆ ಬರುತ್ತೇನೆ. ಮೂರು ಕ್ಯಾನ್ವಾಸುಗಳನ್ನೂ ಸಾಲಾಗಿ ಗೋಡೆಗೆ ಒರಗಿಸಿ, ಹತ್ತು ಅಡಿ ಹಿಂದೆ ಹೋಗಿ, ರೆಪ್ಪೆಗಳ ನಡುವೆ ಸಣ್ಣ ಸಂದಷ್ಟೇ ಉಳಿಯುವಂತೆ ಕಣ್ಣು ಕಿರಿದು ಮಾಡಿ ನೋಡಿ. ವಿವರಗಳೆಲ್ಲ ಕರಗಿ ಐದಾರು ದೊಡ್ಡ ಆಕಾರಗಳು ಮಾತ್ರ ಉಳಿಯುತ್ತವೆ. ದಾರಿಯ ಆ ತುದಿಯಲ್ಲಿ ಬರುತ್ತಿರುವ ಅಮ್ಮನನ್ನು ಕಣ್ಣುಮೂಗು ಕಾಣುವ ಮೊದಲೇ ಮಗ ಗುರುತಿಸುತ್ತಾನಲ್ಲವೇ, ಆ ಗುರುತು ಇರುವುದು ಅಲ್ಲಿ. ಮೂರನೆಯದರಲ್ಲಿ ಆ ಐದಾರರ ಪೈಕಿ ಒಂದು ಜರುಗಿದೆ. ಎಷ್ಟು ವಿವರ ಬಿಟ್ಟಿರಿ ಎಂಬುದು ಅಷ್ಟು ಮುಖ್ಯವಲ್ಲ.

ಇನ್ನೊಂದು ಸಂಗತಿ. ಫ್ರೆಂಚ್ ಚಿತ್ರಕಾರ ಸೆಜಾನ್ 1899ರಲ್ಲಿ ಚಿತ್ರವ್ಯಾಪಾರಿ ವೊಲಾರನ ಭಾವಚಿತ್ರ ಬರೆದಾಗ ಆತನನ್ನು 115 ಸಲ ಕೂರಿಸಿದನಂತೆ. ಕೊನೆಗೆ ಅಂಗಿಯ ಎದೆಭಾಗ ಪರವಾಗಿಲ್ಲ ಎಂದು ಹೇಳಿ ಕೈಬಿಟ್ಟನಂತೆ. ವೊಲಾರನೇ ಇದನ್ನು ಬರೆದಿಟ್ಟಿದ್ದಾನೆ. ಆ ಚಿತ್ರದ ಕೈಯ ಮೇಲೆ ಎರಡು ಚುಕ್ಕೆಯಷ್ಟು ಜಾಗದಲ್ಲಿ ಬಣ್ಣವೇ ಬಿದ್ದಿರಲಿಲ್ಲ. ಅದನ್ನು ತೋರಿಸಿದರೆ, ತೋಚಿದ ಯಾವುದೋ ಬಣ್ಣವನ್ನು ಅಲ್ಲಿ ಇಟ್ಟರೆ ಅಲ್ಲಿಂದ ಶುರುಮಾಡಿ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕಾದೀತು ಎಂದು ಸೆಜಾನ್ ಉತ್ತರಿಸಿದನಂತೆ. ವಿದ್ಯಾರ್ಥಿಗಳಿಗೆ ಇದನ್ನು ಹೇಳಿದಾಗ ನಗುತ್ತಿದ್ದರು. ನೀವು ನಗಲಾರಿರಿ ಎಂದುಕೊಂಡಿದ್ದೇನೆ.

ಉತ್ತರ: ಕಟೌಟ್ ಮನೆಯವನು, ಶ್ರೀರಾಮಪುರ

ಮೇಷ್ಟ್ರು ಹೇಳಿದ ಶ್ಲೋಕ ನನಗೆ ತಿಳಿಯದು. ನನಗೆ ಗೊತ್ತಿರುವುದು ನಮ್ಮ ತಂದೆಯವರ ಷೆಡ್ಡು. ಫ್ಲೆಕ್ಸ್ ಬರುವ ಮುಂಚೆ ಅವರು ಗಾಂಧಿನಗರದ ವಿತರಕರಿಗೆ ಬ್ಯಾನರ್ ಮತ್ತು ಕಟೌಟ್ ಬರೆಯುತ್ತಿದ್ದರು. ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ನಿಂತ ಎಷ್ಟೋ ಮುಖಗಳ ಕೆನ್ನೆಗೆ ಚಿಕ್ಕಂದಿನಲ್ಲಿ ನಾನೂ ಬಣ್ಣ ಬಳಿದಿದ್ದೇನೆ.

ಕೈಗೆ ಸಿಗುತ್ತಿದ್ದುದು ಅಂಗೈ ಅಗಲದ ಒಂದು ಸ್ಟಿಲ್. ಅದರ ಮೇಲೆ ಪೆನ್ಸಿಲಿನಲ್ಲಿ ಚೌಕ ಎಳೆದು, ಹಲಗೆಯ ಮೇಲೆ ಚಾಕ್‌ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ಚಿಮ್ಮಿಸಿ ದೊಡ್ಡ ಚೌಕಗಳನ್ನು ಮೂಡಿಸುತ್ತಿದ್ದರು. ಮುಖ ದೊಡ್ಡದು, ಷೆಡ್ಡು ಚಿಕ್ಕದು. ಹಾಗಾಗಿ ಹಣೆಯನ್ನು ಒಂದು ದಿನ, ಗದ್ದವನ್ನು ಇನ್ನೊಂದು ದಿನ, ಬೇರೆ ಬೇರೆ ಹಲಗೆಗಳ ಮೇಲೆ ನೆಲದಲ್ಲಿ ಮಲಗಿಸಿ ಬರೆಯಬೇಕಾಗಿತ್ತು. ಮೇಲೆ ನಿಂತು ನೋಡಿದರೆ ಕೆನ್ನೆ ಎಂಬುದು ಎಲ್ಲೂ ಕಾಣಿಸುತ್ತಿರಲಿಲ್ಲ. ಒಂದು ಕಡೆ ಕಿತ್ತಳೆ, ಅದರ ಪಕ್ಕದಲ್ಲಿ ಒಮ್ಮೆಲೇ ನೇರಳೆ, ದವಡೆಯ ಕೆಳಗೆ ಗಿಣಿಹಸಿರಿನ ಒಂದು ಪಟ್ಟೆ. ನಾಲ್ಕಂಗುಲದ ಬ್ರಷ್ಷಿನ ಗುರುತು ಹಾಗೆಯೇ ಉಳಿದಿರುತ್ತಿತ್ತು. ನಾನು ಒಮ್ಮೆ ಅಕ್ಕರೆಯಿಂದ ಆ ಕಿತ್ತಳೆಯನ್ನೂ ನೇರಳೆಯನ್ನೂ ಒದ್ದೆಯಿದ್ದಾಗಲೇ ತೀಡಿ ಬೆರೆಸಿದ್ದೆ. ತಂದೆ ಬಯ್ಯಲಿಲ್ಲ. ಕಟೌಟ್ ಎದ್ದು ನಿಂತ ಮೇಲೆ ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅವರು ಬರೆದ ಎಡಗೆನ್ನೆ ಉಬ್ಬಿಕೊಂಡು ಮುಂದೆ ಬಂದಿತ್ತು. ನಾನು ನುಣುಪು ಮಾಡಿದ ಬಲಗೆನ್ನೆ ಊದಿಕೊಂಡ ಚಪಾತಿಯ ಹಾಗೆ ಮಂಕಾಗಿತ್ತು.

ಕಣ್ಣಿನ ಹೊಳಪಿನ ವಿಷಯ ಹೇಳಿ ಮುಗಿಸುತ್ತೇನೆ. ಅದು ಊಟದ ತಟ್ಟೆಯಷ್ಟು ಅಗಲದ ಬಿಳಿಯ ಒಂದು ಬಡಿತ. ಸ್ಟಿಲ್ಲಿನಲ್ಲಿ ಇದ್ದ ಜಾಗದಲ್ಲಿ ಅವರು ಅದನ್ನು ಇಡುತ್ತಿರಲಿಲ್ಲ; ಸ್ವಲ್ಪ ಕೆಳಕ್ಕೆ ಇಡುತ್ತಿದ್ದರು. ಜನ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾರೆ, ಅಣ್ಣಾವ್ರು ತಮ್ಮನ್ನೇ ನೋಡುತ್ತಿದ್ದಾರೆ ಎಂದು ಅವರಿಗೆ ಅನ್ನಿಸಬೇಕು ಎನ್ನುವುದು ಅವರ ಲೆಕ್ಕವಾಗಿತ್ತು. ಸ್ಟಿಲ್ ಇದ್ದ ಹಾಗೆ ಬರೆದಿದ್ದರೆ ಹೋಲಿಕೆ ಕೆಟ್ಟು, ವಿತರಕ ದುಡ್ಡು ಹಿಡಿಯುತ್ತಿದ್ದ. ಆದ್ದರಿಂದ ಮೇಡಂ, ಎಷ್ಟು ಬಿಡಬೇಕು ಎಂದು ಕೇಳುವ ಮೊದಲು ಚಿತ್ರವನ್ನು ಎಲ್ಲಿ ನೇತು ಹಾಕುತ್ತೀರಿ, ಜನ ಎಷ್ಟು ದೂರದಲ್ಲಿ ಕುಳಿತು ನೋಡುತ್ತಾರೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಈಸೆಲ್ಲಿನ ಮುಂದೆ ಒಂದೂವರೆ ಅಡಿ ದೂರದಲ್ಲಿ ನಿಂತು ತೀರ್ಮಾನ ಮಾಡಿದ್ದು ಹಜಾರದ ಗೋಡೆಯ ಮೇಲೆ ನಿಲ್ಲುವುದಿಲ್ಲ.

ಉತ್ತರ: ಅರೆಬಣ್ಣ, ಜಯನಗರ

ಇಬ್ಬರೂ ಹೇಳಿದ್ದನ್ನು ಗೌರವದಿಂದಲೇ ಓದಿದೆ. ಆದರೆ ಇಬ್ಬರೂ ಅಮೂರ್ತವನ್ನು ಹೋಲಿಕೆಯ ಮನೆಗೆಲಸಕ್ಕೆ ಇಟ್ಟುಕೊಂಡಿದ್ದಾರೆ. ಹತ್ತು ಅಡಿ ಹಿಂದೆ ಹೋದರೆ ಸರಿಯಾಗುತ್ತದೆ, ರಸ್ತೆ ದಾಟಿದರೆ ಸರಿಯಾಗುತ್ತದೆ ಎಂದರೆ, ಹತ್ತಿರದಿಂದ ಕಾಣುವ ಆ ನೇರಳೆ ಮತ್ತು ಕಿತ್ತಳೆಗೆ ಸ್ವಂತದ್ದೊಂದು ಮಾತಿಲ್ಲ, ದೂರದಿಂದ ಕೆನ್ನೆಯಾಗಿ ತೀರಿದರೆ ಅವುಗಳ ಋಣ ಮುಗಿಯಿತು ಎಂದಂತಾಯಿತು. ನನಗೆ ಭಾವಚಿತ್ರದಲ್ಲಿ ರುಚಿಸುವುದು ಎರಡೂ ಒಟ್ಟಿಗೆ ಕಾಣುವ ದೂರ: ಇದು ಹಸಿರು ಪಟ್ಟೆ ಎಂದು ಗೊತ್ತಿದ್ದೂ ಇದು ಅಜ್ಜಿಯ ಆಯಾಸ ಎಂದು ಅನ್ನಿಸುವ ಜಾಗ. ಆ ಜಾಗದಲ್ಲಿ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೊಯ್ದಾಡುತ್ತ ಇರುತ್ತದೆ, ನೆಲೆ ನಿಲ್ಲುವುದಿಲ್ಲ. ನಿಮ್ಮ ತಂದೆಯವರು ಬಹಳ ಹೊತ್ತು ನಿಂತದ್ದು ಅದಕ್ಕೇ ಇರಬಹುದು.

ಫ್ರೆಂಚ್ ಚಿತ್ರಕಾರ ಮಾತೀಸ್ 1905ರಲ್ಲಿ ಹೆಂಡತಿಯ ಮುಖದ ನಡುವೆ ಹಣೆಯಿಂದ ಗದ್ದದವರೆಗೆ ಒಂದು ಹಸಿರು ಪಟ್ಟೆ ಎಳೆದ. ಮುಖದ ಬೆಳಕಿನ ಮಗ್ಗುಲನ್ನೂ ನೆರಳಿನ ಮಗ್ಗುಲನ್ನೂ ಬೇರ್ಪಡಿಸುವ ಕೆಲಸವನ್ನು ಅದು ಮಾಡುತ್ತದೆ, ಮೂಗನ್ನು ಎತ್ತಿ ನಿಲ್ಲಿಸುತ್ತದೆ, ನಿಜ. ಆದರೆ ಎಷ್ಟು ದೂರ ಹೋಗಿ ನೋಡಿದರೂ ಅದು ಹಸಿರಾಗಿಯೇ ಉಳಿಯುತ್ತದೆ. ನೆರಳಾಗಿ ಕರಗಿಹೋಗಲು ಒಪ್ಪುವುದಿಲ್ಲ. ಪಿಕಾಸೊ ಲೇಖಕಿ ಗರ್ಟ್ರೂಡ್ ಸ್ಟೈನ್ ಅವರನ್ನು ಎಷ್ಟೋ ಸಲ ಎದುರು ಕೂರಿಸಿಕೊಂಡು ಬರೆದ ಮೇಲೆ ತಲೆಯನ್ನು ಅಳಿಸಿಬಿಟ್ಟ. 1906ರ ಬೇಸಿಗೆಯನ್ನು ಸ್ಪೇನಿನಲ್ಲಿ ಕಳೆದು ಬಂದು, ಅವರು ಎದುರಿಗಿಲ್ಲದಾಗಲೇ, ಮುಖವಾಡದಂಥ ಮುಖವೊಂದನ್ನು ಆ ಮೈಯ ಮೇಲೆ ಇಟ್ಟ. ಎದುರು ಕುಳಿತಿದ್ದಾಗ ಕೈಗೆ ಸಿಗದ ಮುಖ ಅದು. ನೀವೂ ಫೋಟೋಗಳನ್ನು ಒಂದು ವಾರ ಬೀರುವಿನಲ್ಲಿಟ್ಟು ನೆನಪಿನಿಂದ ಬರೆದು ನೋಡಬಹುದು. ಐದು ಸಂಜೆಗಳಲ್ಲಿ ಬರೆದ ಎರಡನೆಯದು ಬಹುಶಃ ಹಾಗೆಯೇ ಬಂದದ್ದು. ಸಿಟ್ಟಿನಲ್ಲಿರುವವರು ಫೋಟೋ ನೋಡುವುದು ಕಡಿಮೆ.

ಚೌಕದ ಮಾತು ಬಂದಿದ್ದರಿಂದ ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ನೆನಪಾದರು. ಅವರದೂ ಫೋಟೋ, ಅವರದೂ ಚೌಕ. ಮೊದಮೊದಲು ಬ್ಯಾನರಿನಷ್ಟು ದೊಡ್ಡ ಮುಖಗಳನ್ನು ಕೂದಲೆಳೆಯೂ ತಪ್ಪದಂತೆ ಬರೆದರು. ಮುಂದೆ ಅದೇ ಚೌಕಗಳಲ್ಲಿ ಒಂದೊಂದರೊಳಗೂ ಉಂಗುರ, ಬಳೆ, ಬಾಳೆಕಾಯಿಯಂಥ ಆಕಾರಗಳು ತುಂಬಿಕೊಂಡು, ಪ್ರತಿ ಚೌಕವೂ ತಾನೇ ಒಂದು ಪುಟ್ಟ ಅಮೂರ್ತ ಚಿತ್ರವಾಯಿತು. ಅವರಿಗೆ ಮುಖಗಳು ನೆನಪಿನಲ್ಲಿ ಉಳಿಯದ ಒಂದು ನ್ಯೂನತೆ ಇತ್ತು. ಅಂಥವರು ಬದುಕಿಡೀ ಮುಖಗಳನ್ನೇ ಬರೆದರು.

ನಿಮ್ಮ ಮೂರನೆಯ ಕ್ಯಾನ್ವಾಸಿನ ಬಗ್ಗೆ ಸ್ವಲ್ಪ ಒರಟಾಗಿ ಹೇಳುತ್ತೇನೆ, ಕ್ಷಮಿಸಿ. "ಇದೇ ದಾರಿಯಲ್ಲಿ ಇನ್ನೂ ಮುಂದೆ" ಎಂದು ಬರೆದಿದ್ದೀರಿ. ಅಂದರೆ ಅಜ್ಜಿಯನ್ನು ಬಿಟ್ಟು ಎರಡನೆಯ ಚಿತ್ರದ ಶೈಲಿಯನ್ನು ನಕಲು ಮಾಡಿದ್ದೀರಿ. ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯ ಉದ್ದಕ್ಕೂ ನಡೆದರೆ ನೈಫಿನಲ್ಲಿ, ಅಂದರೆ ಬಣ್ಣದ ಚಪ್ಪಟೆ ಚಾಕುವಿನಲ್ಲಿ, ಮೆತ್ತಿದ ಇಂಥ ಮುಖಗಳು ಸಾಲುಸಾಲಾಗಿ ಸಿಗುತ್ತವೆ. ಬಣ್ಣದ ಹಲಗೆಗಳು ದಿಟ್ಟವಾಗಿಯೇ ಇರುತ್ತವೆ, ಆದರೆ ಯಾರ ಮುಖವನ್ನೂ ನೋಡಿ ಬಂದವಲ್ಲ. ಫೋಟೋ ನೋಡಿ ನುಣುಪು ಮಾಡುವುದು ಎಷ್ಟು ಸೋಮಾರಿತನವೋ ಇದೂ ಅಷ್ಟೇ.

ಮೇಷ್ಟ್ರ ಶ್ಲೋಕದಲ್ಲಿ ಸ್ತ್ರೀಯರು ಒಡವೆಯನ್ನೇ ನೋಡುತ್ತಾರೆ ಎಂಬ ಭಾಗಕ್ಕೆ ನನ್ನ ಆಕ್ಷೇಪಣೆ ಇದೆ ಎಂದು ದಾಖಲಿಸುತ್ತೇನೆ.

ಉತ್ತರ: ಹಳೆಗೋಡೆ, ಚಾಮರಾಜಪೇಟೆ

ಅತ್ತೆಯವರ ಪರವಾಗಿ ಒಂದೆರಡು ಮಾತು. ಸರ್ಕಾರಿ ಅರ್ಜಿಯ ಮೂಲೆಯಲ್ಲಿ ಅಂಟಿಸುವ ಪಾಸ್‌ಪೋರ್ಟ್ ಫೋಟೋವನ್ನೂ ನಾವು "ಭಾವಚಿತ್ರ" ಎಂದೇ ಕರೆಯುವವರು, ಅದರಲ್ಲಿ ಭಾವವೇ ಇರಕೂಡದೆಂಬ ನಿಯಮವಿದ್ದರೂ. ಹೂವಿನ ಹಾರ ಹಾಕಿ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಬೇರೆಯದೇ ಕೆಲಸವಿದೆ. ಬಂದವರು ಕೈಮುಗಿಯುವ ಮುನ್ನ ಇದು ಯಾರೆಂದು ಯೋಚಿಸುವಂತಾಗಬಾರದು.

ಆದರೆ ಆ ಕೆಲಸಕ್ಕೂ ನುಣುಪು ಬೇಕೇಬೇಕೆಂದೇನಿಲ್ಲ. ಈಜಿಪ್ಟಿನ ಫಯೂಮ್ ಕಡೆ ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ ಮಮ್ಮಿಗಳ ಮುಖದ ಮೇಲೆ ಕಟ್ಟುತ್ತಿದ್ದ ಹಲಗೆ ಚಿತ್ರಗಳನ್ನು ನೋಡಿ. ಕರಗಿಸಿದ ಮೇಣದಲ್ಲಿ ಬಣ್ಣ ಬೆರೆಸಿ ಬರೆದವುಗಳಲ್ಲಿ ಕೆನ್ನೆಯ ಮೇಲಿನ ಏಟುಗಳು ಈಗಲೂ ಎಣಿಸುವಷ್ಟು ಸ್ಪಷ್ಟವಾಗಿವೆ, ಕಣ್ಣುಗಳು ಬೇಕೆಂದೇ ದೊಡ್ಡದಾಗಿವೆ, ಉಡುಪು ಎರಡು ಮೂರು ಎಳೆತಗಳಲ್ಲಿ ಮುಗಿದಿದೆ. ಸತ್ತವರಿಗಾಗಿ ಬರೆದವು ಅವು. ಅತ್ತೆಗೆ ಒಮ್ಮೆ ತೋರಿಸಿ.

ಇದ್ದಿಲುಗೆರೆ, ಬಸವನಗುಡಿ

ಎಲ್ಲರಿಗೂ ಧನ್ಯವಾದಗಳು. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನು ಮಾಡಿ ನೋಡದೆ ಉತ್ತರಿಸಬಾರದು ಎನಿಸಿತು.

ಮೇಷ್ಟ್ರು ಹೇಳಿದಂತೆ ಮೂರನ್ನೂ ಒರಗಿಸಿ ಕಣ್ಣು ಕಿರಿದು ಮಾಡಿ ನೋಡಿದೆ. ಮೂರು ತಿಂಗಳು ಬರೆದದ್ದು ಒಂದೇ ಮಟ್ಟದ ಕಂದು ಮೊಟ್ಟೆಯಾಗಿ ಹೋಯಿತು. ನನಗೆ ಸ್ವಲ್ಪ ಅಳುವೇ ಬಂತು. ಎರಡನೆಯದು ನಿಂತಿತು. ಮೂರನೆಯದರ ತಪ್ಪು ಆಗಲೇ ಕಾಣಿಸಿತು. ಅಜ್ಜಿಯ ಬಲಗಣ್ಣಿನ ಮೇಲುರೆಪ್ಪೆ ಹೊರತುದಿಯಲ್ಲಿ ಜೋತುಬಿದ್ದಿತ್ತು. ಆ ಜೋಲಿನಿಂದ ಹುಬ್ಬಿಗೂ ಕಣ್ಣಿಗೂ ನಡುವೆ ತ್ರಿಕೋನದಂಥ ಒಂದು ನೆರಳು ಬೀಳುತ್ತಿತ್ತು. ಎರಡನೆಯದರಲ್ಲಿ ಅದು ತಾನಾಗಿಯೇ ಬಂದಿತ್ತು. ಮೂರನೆಯದರಲ್ಲಿ ಅಂಚು ಸರಳವಾಗಲೆಂದು ನಾನೇ ಅದನ್ನು ನೆಟ್ಟಗೆ ಮಾಡಿದ್ದೆ. ಅರ್ಧ ಅಂಗುಲವೂ ಇಲ್ಲದ ಒಂದು ಏಟಿನಿಂದ ಆ ತ್ರಿಕೋನವನ್ನು ತಿರುಗಿ ಇಟ್ಟಾಗ ಯಾರೋ ಮುದುಕಿ ಹೋಗಿ ಅಜ್ಜಿ ಬಂದರು. ಆದರೂ ಅರೆಬಣ್ಣ ಅವರ ಟೀಕೆ ಸರಿಯೇ. ಅಜ್ಜಿ ಬಂದ ಮೇಲೂ ಉಳಿದ ಹಲಗೆಗಳು ಎರಡನೆಯದರ ನಕಲಿನಂತೆಯೇ ಕಾಣುತ್ತಿವೆ. ಅದನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಿದ್ದೇನೆ.

ಎರಡನೆಯದನ್ನು ಹಜಾರದಲ್ಲಿ ಸೋಫಾದ ಎದುರಿನ ಗೋಡೆಗೆ ತೂಗುಹಾಕಿದೆ. ಭಾನುವಾರ ಅತ್ತೆ ಬಂದಿದ್ದರು. ಫಯೂಮ್ ಚಿತ್ರಗಳನ್ನು ಫೋನಿನಲ್ಲಿ ತೋರಿಸಿದೆ. "ಇವರ ಮೂಗು ನಮ್ಮಣ್ಣನ ಮೂಗಿನ ಹಾಗೇ ಇದೆಯಲ್ಲ" ಎಂದಷ್ಟೇ ಹೇಳಿದರು. ಆಮೇಲೆ ಕಾಫಿ ಕುಡಿಯುತ್ತ ಅಜ್ಜಿಯ ಚಿತ್ರವನ್ನು ಎಷ್ಟೋ ಹೊತ್ತು ನೋಡಿ, "ಅಮ್ಮನ ಮೂಗುತಿ ಎಲ್ಲಿ ಹೋಯ್ತೇ?" ಎಂದು ಕೇಳಿದರು. ಮೇಷ್ಟ್ರ ಶ್ಲೋಕ ನೆನಪಾಗಿ ನಗು ಬಂತು, ಆದರೆ ಕೇಳಿದ್ದು ಸರಿಯಾಗಿಯೇ ಇತ್ತು. ಮೂಗುತಿ ಇಲ್ಲದ ಅಜ್ಜಿಯನ್ನು ನಮ್ಮಲ್ಲಿ ಯಾರೂ ನೋಡಿಲ್ಲ. ಅತ್ತೆ ಮನೆಗೆ ಹೋದ ಮೇಲೆ ಟೈಟಾನಿಯಂ ವೈಟಿನ ಒಂದೇ ಚುಕ್ಕೆ ಇಟ್ಟೆ. ಅದು ಉರಿಯುವಷ್ಟು ಹೊಳೆಯಿತು, ಅದರ ಪಕ್ಕದಲ್ಲಿ ಬಲಗೆನ್ನೆಯ ಬೆಳಕು ಕೊಳೆಯಾಗಿ ಕಂಡಿತು. ಕೆನ್ನೆಯನ್ನು ಒಂದು ಮಟ್ಟ ಏರಿಸಿದೆ. ಈಗ ಹಣೆ ಹಿಂದೆ ಸರಿದಿದೆ.

ಕೆಳಗಿನ ಬಣ್ಣ ಮೇಲೆ ಒಣಗಿದಂತಿದೆ, ಒಳಗೆ ಇನ್ನೂ ಮೆತ್ತಗಿದೆ. ಹಣೆಯನ್ನು ಈಗಲೇ ಮುಟ್ಟಬಹುದೇ, ಅಥವಾ ತಿಥಿ ಮುಗಿಯುವವರೆಗೆ ಕಾಯಲೇ, ಮೇಷ್ಟ್ರೇ?